ಗುಲ್ಮಾರ್ಗಿಗೆ ಮೊದಲ ಕ್ಯಾಮೆರಾ

ಸ್ಕೀಯಿಂಗ್‌ಗೆ ಅಂತ ಗುಲ್ಮಾರ್ಗಿಗೆ ಹೊರಟ ಗೆಳೆಯ ಬೆಳಿಗ್ಗೆ ಕೇಳಿದ: "ಮೊದಲ ಕ್ಯಾಮೆರಾ, ಯಾವುದು ತಗೊಳ್ಳಲಿ?"

ವಾಟರ್‌ಪ್ರೂಫ್ ಆಕ್ಷನ್ ಕ್ಯಾಮೆರಾನೇ (ಹೆಲ್ಮೆಟ್ಟಿಗೆ ಸಿಕ್ಕಿಸೋ ಪುಟ್ಟದು) ತಗೋ ಮಾರಾಯ. ದೊಡ್ಡದು ಕೊರಳಲ್ಲಿ ತೂಗಾಡ್ತಿದ್ರೆ, ಬಿದ್ದಾಗ ಎದೆಗೇ ಪೆಟ್ಟು. ಆದರೆ ದೂರದವರನ್ನು ಹತ್ತಿರ ಎಳೆದು ತೋರಿಸೋದು ಈ ಪುಟ್ಟದರ ಕೈಲಿ ಆಗಲ್ಲ, ಅದಕ್ಕೆ ಜೂಮ್ ಇರೋದೇ ಬೇಕು.

ಅಂಗಡಿಯಲ್ಲೇ ಗ್ಲೌಸ್ ಹಾಕ್ಕೊಂಡು ಬಟನ್ ಒತ್ತಿ ನೋಡು.

ಬ್ಯಾಟರಿ ಮೂರಾದರೂ ಇರಲಿ. ಒಳಜೇಬಲ್ಲಿ, ಮೈಗೆ ತಾಗಿಕೊಂಡು. ಚಳಿಗೆ ಸತ್ತ ಬ್ಯಾಟರಿ ಬೆಚ್ಚಗಾದರೆ ಎಷ್ಟೋ ಸಲ ಮತ್ತೆ ಏಳುತ್ತೆ.

ಫೋಟೋದಲ್ಲಿ ಹಿಮ ಬೂದಿಬಣ್ಣಕ್ಕೆ ಬಂತಾ? ಫೋಟೋಗೆ ಬೆಳಕು ಹೆಚ್ಚಿಸೋ ಎಕ್ಸ್‌ಪೋಶರ್ ಸೆಟ್ಟಿಂಗ್ +1 ಮಾಡು. ಅಷ್ಟೊಂದು ಬಿಳುಪು ಕಂಡು ಕ್ಯಾಮೆರಾದೊಳಗಿನ ಬೆಳಕು ಅಳೆಯೋ ಮೀಟರ್ ಮೋಸಹೋಗಿರುತ್ತೆ.

ರೂಮಿನೊಳಗೆ ಬರೋ ಮುಂಚೆ, ಹೊರಗೇ ಕ್ಯಾಮೆರಾನ ಜಿಪ್ ಕವರಿಗೆ ಹಾಕಿ ಮುಚ್ಚು. ಗಂಟೆ ಬಿಟ್ಟು ತೆಗಿ. ಒಳಗಿನ ಬೆಚ್ಚನೆ ಗಾಳಿಯ ಹನಿ ಕವರಿನ ಮೇಲೆ ಕೂರುತ್ತೆ, ಲೆನ್ಸ್ ಮೇಲಲ್ಲ.