ಎರಡು ಗೆರೆ

ನಮ್ಮಣ್ಣನ ವಿಷಯದಲ್ಲಿ ನಮ್ಮ ಮನೇಲಿ ಎರಡು ಪಕ್ಷ. ‘ಕುಡಿದು ಕುಡಿದು ತಲೆ ಕೆಟ್ಟಿದೆ’ ಅನ್ನೋದು ಅಮ್ಮನ ಪಕ್ಷ. ‘ತಲೆ ಕೆಟ್ಟಾಗಲೇ ಇವರು ಕುಡಿಯೋದು’ ಅನ್ನೋದು ಅತ್ತಿಗೆಯದು. ನಾನು ಹೈಸ್ಕೂಲ್ ಮೇಷ್ಟ್ರು, ಅಡುಗೆಮನೆಯಲ್ಲಿ ಅತ್ತಿಗೆಗೆ ಹೂಂಗುಟ್ಟಿ, ಜಗಲಿಗೆ ಬಂದು ಅಮ್ಮನಿಗೂ ಹೂಂಗುಟ್ಟುತ್ತಿದ್ದವನು.

ಈ ಜಗಳ ಮನೆಯೊಳಗೇ ಇದ್ದಿದ್ದರೆ ಹೇಗೋ ಆಗುತ್ತಿತ್ತು. ಡಾಕ್ಟರುಗಳ ಹತ್ತಿರ ಹೋದರೆ ಅಲ್ಲೂ ಅದೇ. ಮನೋವೈದ್ಯರೊಬ್ಬರು, ‘ಮೊದಲು ಕುಡಿತ ಬಿಡಿಸಿಕೊಂಡು ಬನ್ನಿ, ಆಮೇಲೆ ನೋಡೋಣ’ ಅಂದರು. ಕುಡಿತ ಬಿಡಿಸಲು 2018ರಲ್ಲಿ ಒಂದು ಕೇಂದ್ರಕ್ಕೆ ಸೇರಿಸಿದೆವು. ಸೇರಿಸಿದೆವು ಅನ್ನುವುದು ಮರ್ಯಾದೆಯ ಮಾತು. ಬೆಳಗಿನ ಜಾವ ವ್ಯಾನು ಬಂತು, ನಾಲ್ಕು ಜನ ಇಳಿದರು, ನಾನು ಕಾಗದಕ್ಕೆ ಸಹಿ ಹಾಕಿದೆ. ಅಲ್ಲಿ ಊರಿನ ಡಾಕ್ಟರು ಕೊಟ್ಟಿದ್ದ ಅವನ ಗುಳಿಗೆಗಳನ್ನು ಕಿತ್ತುಕೊಂಡರು. ‘ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸೋಕೆ ನಾವಿಲ್ಲ’ ಅಂದರಂತೆ. ಮೂರು ತಿಂಗಳು ಒಂದು ಹನಿ ಮುಟ್ಟದೆ, ಒಂದು ರಾತ್ರಿಯೂ ನೆಟ್ಟಗೆ ನಿದ್ದೆ ಮಾಡದೆ ಮನೆಗೆ ಬಂದ. ಬಂದ ಹನ್ನೊಂದನೇ ದಿನ ಮತ್ತೆ ಕುಡಿದ.

ಆಮೇಲೆ ನಾವು ಮಾಡಿದ ಇನ್ನೊಂದು ಘನಕಾರ್ಯವನ್ನೂ ಹೇಳಿಬಿಡುತ್ತೇನೆ. ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ ಅನ್ನುವ ಪೋಸ್ಟರುಗಳನ್ನು ಬಸ್ ಸ್ಟ್ಯಾಂಡ್ ಗೋಡೆಗಳಲ್ಲಿ ನೀವೂ ನೋಡಿರುತ್ತೀರಿ. ಆ ಪುಡಿ ತರಿಸಿ ಅತ್ತಿಗೆ ಸಾರಿಗೆ ಬೆರೆಸಿದರು. ತಂದುಕೊಟ್ಟವನು ನಾನು. ಅವತ್ತು ಸಂಜೆ ಅಣ್ಣ ಎಂದಿನಂತೆ ಕ್ವಾರ್ಟರ್ ಹಾಕಿಕೊಂಡು ಬಂದ. ಮುಖ ಕೆಂಡದಂತಾಯಿತು, ಎದೆ ಹೊಡೆದುಕೊಳ್ಳತೊಡಗಿತು, ವಾಂತಿ, ಅಂಗಳದಲ್ಲೇ ಬಿದ್ದ. ಮೈಯಲ್ಲಿದ್ದಾಗ ಕುಡಿದರೆ ಹೀಗೆ ಮಾಡುವ ಡೈಸಲ್ಫಿರಾಮ್ ಅನ್ನೋ ಔಷಧಿಯ ಹೆಸರು ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಒಳ್ಳೆ ಔಷಧಿಯೇ, ಆದರೆ ನುಂಗುವವನಿಗೆ ತಿಳಿದಿರಬೇಕು, ಅವನ ಒಪ್ಪಿಗೆ ಇರಬೇಕು. ಮನಸ್ಸು ಹದದಲ್ಲಿಲ್ಲದವರಿಗೆ ವೈದ್ಯರೇ ಹಿಂದೆಮುಂದೆ ನೋಡಿ ಕೊಡುತ್ತಾರಂತೆ. ಮುಂದೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಇದನ್ನು ಹೇಳಿದಾಗ ಡಾಕ್ಟರ್ ಮೇಡಂ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದ ರೀತಿ ಇನ್ನೂ ಕಣ್ಣಮುಂದಿದೆ.

2022ರ ಆಗಸ್ಟಿನಲ್ಲಿ ಅಣ್ಣನೇ ಒಂದು ಬೆಳಿಗ್ಗೆ, ‘ಬೆಂಗಳೂರಿಗೆ ಕರ್ಕೊಂಡು ಹೋಗೋ, ಆಗ್ತಿಲ್ಲ ಕಣೋ’ ಅಂದ. ತಿಪಟೂರಿನಿಂದ ರೈಲು ಹತ್ತಿದೆವು. ನಿಮ್ಹಾನ್ಸ್ ಅಂದರೆ ನಮ್ಮ ಕಡೆ ಬೈಗುಳ. ಮೇಷ್ಟ್ರಾದ ನಾನೇ ಕ್ಲಾಸಿನಲ್ಲಿ ಹುಡುಗರಿಗೆ ‘ನಿಮ್ಹಾನ್ಸ್ ಕೇಸು’ ಅಂದವನು. ಅಲ್ಲಿ ವ್ಯಸನ ಚಿಕಿತ್ಸೆಯ ವಿಭಾಗವೇ ಬೇರೆ ಇದೆ. ದಾಖಲಾಗುವ ಕಾಗದಕ್ಕೆ ಈ ಸಲ ಸಹಿ ಹಾಕಿದ್ದು ಅಣ್ಣ. ಕೈ ನಡುಗುತ್ತಿದ್ದರಿಂದ ಸಹಿ ಎರಡು ಸಾಲಿನಷ್ಟು ಉದ್ದ ಹೋಯಿತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಲ್ಲಿ, ಕುಡಿತಕ್ಕೆ ಅಂಟಿಕೊಂಡ ಮನೋಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ಲೆಕ್ಕಕ್ಕೇ ಸೇರಿಸಿದ್ದಾರೆ, ತಿಳುವಳಿಕೆ ಇರುವ ರೋಗಿ ತಾನೇ ಒಪ್ಪಿ ದಾಖಲಾಗುವುದೇ ಮೊದಲ ದಾರಿ. 2018ರಲ್ಲಿ ವ್ಯಾನು ಬಂದಾಗಲೂ ಆ ಕಾಯ್ದೆ ಇತ್ತು. ನನಗೆ ಗೊತ್ತಿರಲಿಲ್ಲ.

ಜೊತೆಗೆ ಮನೆಯವರೊಬ್ಬರು ಉಳಿಯಬೇಕು ಅಂದರು. ಗಳಿಕೆ ರಜೆ ಹಾಕಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆವರಣದಲ್ಲೇ ಡೇರೆ ಹಾಕಿ ಉಳಿಸಿಕೊಂಡಿದ್ದರಂತೆ. ರಾತ್ರಿ ಚಾಪೆ ಹಾಸಿಕೊಂಡು ಸೊಳ್ಳೆ ಹೊಡೆಯುವಾಗ ಆ ಪುಣ್ಯಾತ್ಮರ ಮೇಲೆ ಸಿಟ್ಟೂ ಬರುತ್ತಿತ್ತು.

ಮೊದಲ ನಾಲ್ಕು ದಿನ ಬರೀ ದೇಹದ ಗಲಾಟೆ. ಗ್ಲೂಕೋಸ್ ಹಾಕುವ ಮೊದಲೇ ಬಿ1 ವಿಟಮಿನ್ ಇಂಜೆಕ್ಷನ್, ಲಿವರ್ ಸೋತಿದ್ದರಿಂದ ನಡುಕಕ್ಕೆ ಲೊರಾಜೆಪಾಮ್. ಮೂರನೇ ರಾತ್ರಿ ಅಣ್ಣ ಹಾಸಿಗೆಯ ಮೇಲೆ ಕೂತು ಇಲ್ಲದ ಕೊಬ್ಬರಿಯನ್ನು ಎಣಿಸಿ ಇಲ್ಲದ ಚೀಲಕ್ಕೆ ತುಂಬುತ್ತಿದ್ದ. ‘ಲೆಕ್ಕ ತಪ್ಪಿಸ್ಬೇಡ ಕಣೋ’ ಅಂತ ನನ್ನನ್ನೇ ಗದರಿದ. ನರ್ಸ್ ಬಂದು, ದೀಪ ಆರಿಸಬೇಡಿ, ವಾದ ಮಾಡಬೇಡಿ, ಇದು ಇಳಿಯುತ್ತೆ ಅಂದರು. ಐದನೇ ದಿನ ಇಳಿಯಿತು.

ಒಂಬತ್ತನೇ ದಿನ ಮಧ್ಯಾಹ್ನ ಮೇಡಂ ಒಂದು ದೊಡ್ಡ ಹಾಳೆ ತಂದರು. ಎಡದಿಂದ ಬಲಕ್ಕೆ ವರ್ಷಗಳು. ನಡುವೆ ಒಂದು ನೇರ ಗೆರೆ. ಅಣ್ಣ ಹುರುಪಿನಲ್ಲಿದ್ದ ಕಾಲವನ್ನು ಗೆರೆಯ ಮೇಲೆ, ಮಂಕಾಗಿದ್ದ ಕಾಲವನ್ನು ಕೆಳಗೆ ತೋರಿಸಬೇಕು. ಅಡಿಯಲ್ಲಿ ಇನ್ನೊಂದು ಗೆರೆ, ಅದು ಕುಡಿತದ್ದು. ‘ನಿಮ್ಮಮ್ಮ ಸರಿಯೋ ಅತ್ತಿಗೆ ಸರಿಯೋ ಹುಡುಕೋಣ. ಆದ್ರೆ ಔಷಧಿ ಎರಡಕ್ಕೂ ಒಟ್ಟಿಗೇ ನಡೀತಿರುತ್ತೆ, ಅದಕ್ಕೇನೂ ಕಾಯಲ್ಲ’ ಅಂದರು. ಅಷ್ಟು ವರ್ಷಗಳಲ್ಲಿ ಈ ಮಾತನ್ನು ನಮಗೆ ಯಾರೂ ಹೇಳಿರಲಿಲ್ಲ.

ವರ್ಷ ನೆನಪಿಲ್ಲ ಮೇಡಂ ಅಂದೆ. ಘಟನೆ ನೆನಪು ಮಾಡಿಕೊಳ್ಳಿ, ವರ್ಷ ತಾನೇ ಬರುತ್ತೆ ಅಂದರು. ಹೊರಗೆ ಮರದ ಕೆಳಗೆ ಕೂತು ಫೋನ್ ಸ್ಪೀಕರ್‌ಗೆ ಹಾಕಿ ಅಮ್ಮನನ್ನೂ ಅತ್ತಿಗೆಯನ್ನೂ ಒಟ್ಟಿಗೆ ಹಿಡಿದೆ. ಅಮ್ಮನ ಪಂಚಾಂಗವೇ ಬೇರೆ. ತೆಂಗಿಗೆ ನುಸಿ ಹತ್ತಿದ ಕಾಲ, ಕೊಬ್ಬರಿ ರೇಟು ಬಿದ್ದ ವರ್ಷ, ಸಾರಾಯಿ ನಿಂತ ವರ್ಷ. ಸಾರಾಯಿ ನಿಂತಿದ್ದು 2007ರ ಜುಲೈ 1ಕ್ಕೆ, ಅದು ನನಗೂ ಗೊತ್ತು, ಅವತ್ತು ಅಪ್ಪ ಮನೇಲೇ ಇದ್ದ, ಅದೇ ಒಂದು ವಿಶೇಷ. ಅಣ್ಣ ಕುಡಿಯಲು ಶುರು ಮಾಡಿದ್ದು ಅದರ ಮಾರನೇ ವರ್ಷ ಅಂತ ಅಮ್ಮ. ಇಲ್ಲ, ಮದುವೆಗೆ ಮುಂಚೆ ಹಬ್ಬಕ್ಕೊಮ್ಮೆ ಅಷ್ಟೇ ಅಂತ ಅತ್ತಿಗೆ.

2014ಕ್ಕೆ ಬಂದಾಗ ನನ್ನ ಪೆನ್ನು ನಿಂತಿತು. ಅದು ನನ್ನ ಮದುವೆಯ ವರ್ಷ. ಅಣ್ಣ ವಾರಗಟ್ಟಲೆ ನಿದ್ದೆ ಮಾಡಲಿಲ್ಲ, ಮೂರು ಊರಿಗೆ ಊಟ ಹಾಕಿಸಿದ, ಕೇಳದವರಿಗೂ ಪಂಚೆ ಶಲ್ಯ ಕೊಟ್ಟ. ಅಣ್ಣ ಅಂದ್ರೆ ಹೀಗಿರಬೇಕು ಅಂತ ನೆಂಟರೆಲ್ಲ ಕೊಂಡಾಡಿದರು. ಸಾಲ ತೀರಲು ನಾಲ್ಕು ವರ್ಷ ಹಿಡಿಯಿತು. ಗೆರೆಯ ಮೇಲೆ ಎತ್ತರದ ಗುಡ್ಡ ಬರೆಯುವಾಗ, ನಾನು ಅವನ ಕಾಯಿಲೆಯ ಊಟ ಉಂಡಿದ್ದೆ ಅನ್ನಿಸಿತು.

ಆದರೂ ಆಗ ಅಷ್ಟೋ ಇಷ್ಟೋ ಕುಡಿಯುತ್ತಿದ್ದನಲ್ಲ, ಅದರ ಅಮಲೇ ಇರಬಹುದಲ್ಲ? ಅತ್ತಿಗೆ ಇದ್ದಕ್ಕಿದ್ದಂತೆ, ‘ಲಾಕ್‌ಡೌನ್ ಬರೀರಿ’ ಅಂದರು.

2020ರ ಮಾರ್ಚ್ 25ರಿಂದ ಮೇ 4ರವರೆಗೆ ಮದ್ಯದಂಗಡಿ ಬಂದ್. ಸುಮಾರು 40 ದಿನ. ಮೊದಲ ವಾರ ಅಣ್ಣ ನಡುಗಿದ, ಬೆವೆತ, ಹೇಗೋ ಉಳಿದ. ಅದೂ ಅಪಾಯವೇ, ಹಾಗೆ ದಿಢೀರ್ ನಿಂತು ಫಿಟ್ಸ್ ಬಂದು ಹೋದವರಿದ್ದಾರೆ. ಮೂರನೇ ವಾರದಿಂದ ಅವನ ಕಣ್ಣು ಹೊಳೆಯತೊಡಗಿತು. ರಾತ್ರಿ ಮೂರಕ್ಕೆ ಎದ್ದು ತಲೆಗೆ ಟಾರ್ಚ್ ಕಟ್ಟಿಕೊಂಡು ತೋಟದಲ್ಲಿ ಸಸಿಗೆ ಗುಂಡಿ ತೋಡುತ್ತಿದ್ದ. ಹಗಲೆಲ್ಲ ಎಣ್ಣೆ ಗಾಣದ ಫ್ಯಾಕ್ಟರಿ ಹಾಕುವ ಮಾತು. ಸಸಿ ಇರಲಿಲ್ಲ, ದುಡ್ಡಿರಲಿಲ್ಲ, ಗುಂಡಿ ಮಾತ್ರ ಅರವತ್ತು ಎದ್ದವು. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿ, ‘ಕುಡಿತ ಬಿಟ್ಟ, ಮಗ ಸರಿಹೋದ’ ಅಂದಿದ್ದಳು. ಮೇ 4ರ ಬೆಳಿಗ್ಗೆ ಅಂಗಡಿ ಮುಂದಿನ ಕ್ಯೂನಲ್ಲಿ ಅವನು ಮೂರನೆಯವನು.

ಹಾಳೆಯಲ್ಲಿ ಆ 40 ದಿನ ಕೆಳಗಿನ ಗೆರೆ ಖಾಲಿ, ಮೇಲಿನ ಗೆರೆ ಗುಡ್ಡ. ಮೇಡಂ ಅದರ ಸುತ್ತ ಒಂದು ವೃತ್ತ ಎಳೆದರು, ಬೈಪೋಲಾರ್ ಅಂದರು, ಅತಿ ಹುರುಪೂ ಮಂಕೂ ಬಂದು ಹೋಗುವ ಕಾಯಿಲೆ. ಊರಿನ ಡಾಕ್ಟರು ಮಂಕು ಕವಿದಾಗಲೆಲ್ಲ ಬರೀ ಖಿನ್ನತೆಯ ಗುಳಿಗೆ ಕೊಟ್ಟಿದ್ದು ಬೆಂಕಿಗೆ ತುಪ್ಪ ಸುರಿದಂತೆ ಆಗಿರಬಹುದು ಅಂದರು. ಫೋನಿನಲ್ಲಿ ಅತ್ತಿಗೆ ಗೆದ್ದ ದನಿ ತೋರಿಸಲಿಲ್ಲ. ಅಮ್ಮ, ‘ಹಂಗಾದ್ರೆ ಕುಡಿತ ಕಾಯಿಲೆ ಅಲ್ವಾ?’ ಅಂದಳು. ಅದೂ ಹೌದು ಅಮ್ಮ, ಎರಡೂ ಹೌದು, ಎರಡನ್ನೂ ನೋಡ್ಬೇಕು ಅಂತ ಮೇಡಂ ನನ್ನ ಫೋನಿಗೇ ಬಗ್ಗಿ ಹೇಳಿದರು.

ಸಂಜೆ ಹಾಳೆಯನ್ನು ಅಣ್ಣನಿಗೆ ತೋರಿಸಿದೆವು. ಬಹಳ ಹೊತ್ತು ನೋಡಿದ. ‘ಅರವತ್ತು ಗುಂಡಿ ಅಲ್ಲ ಕಣೋ, ಎಂಬತ್ನಾಲ್ಕು’ ಅಂತ ತಿದ್ದಿದ. ಆಮೇಲೆ ಪೆನ್ನು ಇಸಕೊಂಡು 2001ರ ಹತ್ತಿರ, ನಾವು ಸಪಾಟು ಬಿಟ್ಟಿದ್ದ ಕಡೆ, ಗೆರೆಯಿಂದ ಕೆಳಗೆ ಹಾಳೆಯ ಅಂಚಿನತನಕ ಎಳೆದ. ಆಗ ಅವನು ಎರಡನೇ ಪಿಯುಸಿ. ಕುಡಿತದ ವಾಸನೆಯೂ ಇಲ್ಲದ ಕಾಲ.

‘ಇದೇನಣ್ಣ?’

‘ಬಾವಿಕಟ್ಟೆ ಮೇಲೆ ಕೂತಿದ್ದೆ. ನೀನು ಸೈಕಲ್ ತಳ್ಕೊಂಡು ಬಂದು ಪಂಕ್ಚರ್ ಹಾಕ್ಕೊಡು ಅಂತ ಹಟ ಹಿಡಿದೆ.’

ಎಷ್ಟು ತಡಕಾಡಿದರೂ ಆ ಪಂಕ್ಚರ್ ನನಗೆ ನೆನಪಾಗಲಿಲ್ಲ.

ಒಟ್ಟು ಐದು ವಾರ ಇದ್ದೆವು. ಮನಸ್ಸಿನ ಏರಿಳಿತ ಹಿಡಿದಿಡುವ ಲಿಥಿಯಂ ಗುಳಿಗೆ ಶುರುವಾಯಿತು. ನೀರು ಚೆನ್ನಾಗಿ ಕುಡಿಯಬೇಕು, ಉಪ್ಪು ಏಕಾಏಕಿ ಬಿಡಬಾರದು, ಮೊಣಕಾಲು ನೋವಿಗೆ ಅಂತ ಅಂಗಡಿಯಿಂದ ಗುಳಿಗೆ ತಂದು ನುಂಗಬಾರದು. ಊರಿಗೆ ಬಂದ ಮೇಲೆ ಒಂದು ಸಲ, ಯುಗಾದಿಯ ಹೊಸತೊಡಕಿನ ದಿನ, ಕುಡಿದ. ಮಾರನೇ ದಿನ ಅವನೇ ಮೇಡಂಗೆ ಫೋನ್ ಮಾಡಿ ಹೇಳಿದ. ಎಂಬತ್ನಾಲ್ಕು ಗುಂಡಿಯಲ್ಲಿ ಮೂವತ್ತಕ್ಕೆ ಸಸಿ ಬಿದ್ದಿದೆ, ಮಿಕ್ಕವಕ್ಕೆ ತರಗೆಲೆ.

ನಾಳೆ ಲಿಥಿಯಂ ಮಟ್ಟ ನೋಡಲು ರಕ್ತ ಕೊಡಬೇಕು. ಕೊನೆಯ ಗುಳಿಗೆಗೂ ರಕ್ತ ತೆಗೆಯುವುದಕ್ಕೂ 12 ಗಂಟೆ ಅಂತರ ಬೇಕು. ರಾತ್ರಿ ಎಂಟಕ್ಕೆ ನುಂಗಿದ್ದಾನೆ, ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಲ್ಯಾಬ್ ಮುಂದಿರಬೇಕು ಅಂತ ಈಗಲೇ ಎರಡು ಸಲ ಫೋನ್ ಮಾಡಿದ. ಬೈಕಿಗೆ ಪೆಟ್ರೋಲ್ ಹಾಕಿಸಿದ್ದೀಯಾ ಅಂತ ಕೇಳಿದ. ಹಾಕಿಸಿಲ್ಲ.