ಕಂಬ ಹಿಡಿದು ಸೀನುವುದು

ಮೊನ್ನೆ ಕಣದಲ್ಲಿ ಮೆಣಸು ಕೇರುತ್ತಿದ್ದೆವು. ಒಣ ಮೆಣಸಿನ ಧೂಳು ಮೂಗಿಗೆ ಹೊಕ್ಕರೆ ಒಂದು ಸೀನಿಗೆ ಮುಗಿಯುವುದಿಲ್ಲ. ಅತ್ತೆಗೆ ಸೀನು ಬಂತು. ಮೊರ ಕೆಳಗಿಟ್ಟರು, ಜಗಲಿಯ ಕಂಬ ಹಿಡಿದರು, ಕಾಲಿಗೆ ಕಾಲು ಹೆಣೆದು ನಿಂತರು, ಆಮೇಲೆ ಸೀನಿದರು. ಮೂರು ಸಲ. ಏನೂ ಆಗದವರ ಹಾಗೆ ಮತ್ತೆ ಮೊರ ಎತ್ತಿಕೊಂಡರು.

ಕೊಡಗಿನ ಸಿದ್ದಾಪುರದ ಈ ಮನೆಗೆ ಬಂದು ಆರು ವರ್ಷ. ಆರು ವರ್ಷವೂ ಇದನ್ನು ನೋಡಿದ್ದೇನೆ. ಕೆಲವರು ಆಕಳಿಸುವಾಗ ಚಿಟಿಕೆ ಹೊಡೆಯುತ್ತಾರಲ್ಲ, ಅಂಥದ್ದೇ ಒಂದು ಅಭ್ಯಾಸ ಅಂದುಕೊಂಡಿದ್ದೆ. ಅದೇನೆಂದು ಹೊಳೆದದ್ದು ಮೊನ್ನೆ. ಅದರ ಹಿಂದಿನ ದಿನವಷ್ಟೇ ಮೈಸೂರಿಗೆ ಹೋಗಿ ಬಂದಿದ್ದೆ.

ಮಗುವಿಗೆ ಐದು ತಿಂಗಳು. ಕೆಮ್ಮಿದರೆ, ನಕ್ಕರೆ, ಮಗುವನ್ನು ಎತ್ತಿಕೊಂಡರೆ ನನಗೆ ಒಂದೆರಡು ಹನಿ ಮೂತ್ರ ಹೋಗುತ್ತದೆ. ಹೆರಿಗೆ ಮಾಡಿಸಿದ ಡಾಕ್ಟರನ್ನು ಕೇಳಿದ್ದಕ್ಕೆ ಚೀಟಿಯಿಂದ ತಲೆ ಎತ್ತದೆ "ಕೀಗಲ್ ಮಾಡಿ" ಅಂದಿದ್ದರು. ಕೆಳಗಿನ ಮಾಂಸಖಂಡಗಳನ್ನು ಬಿಗಿ ಮಾಡಿ ಬಿಡುವ ವ್ಯಾಯಾಮ ಅದು. ಕೈಗುಣ ಇರುವವರೇ, ಇಲ್ಲ ಅನ್ನುವುದಿಲ್ಲ. ಆದರೆ ಮಗು ಹೊರಗೆ ಬಂದ ಮೇಲೆ ತಾಯಿಯ ಕೇಸು ಮುಗಿಯಿತು ಅನ್ನುವ ಹಾಗಿರುತ್ತಾರೆ. ಮೊಬೈಲ್ ನೋಡಿಕೊಂಡು ನಾಲ್ಕು ತಿಂಗಳು ನಾನೇ ಮಾಡಿದೆ. ಗುಣ ಕಾಣಲಿಲ್ಲ.

ಮೈಸೂರಿನ ಫಿಸಿಯೋಥೆರಪಿಸ್ಟ್ ನನಗಿಂತ ಚಿಕ್ಕ ಹುಡುಗಿ. ಒಪ್ಪಿಗೆ ಕೇಳಿ ಪರೀಕ್ಷೆ ಮಾಡುತ್ತಾ "ಈಗ ಬಿಗಿ ಮಾಡಿ" ಅಂದಳು. ಮಾಡಿದೆ. "ಮೇಡಂ, ನೀವು ಕೆಳಗೆ ತಳ್ತಾ ಇದೀರ. ಮೇಲಕ್ಕೆ ಎಳ್ಕೋಬೇಕು."

ನಾಲ್ಕು ತಿಂಗಳು! ಉಸಿರು ಕಟ್ಟಿ, ಹಲ್ಲು ಕಚ್ಚಿ, ಶ್ರದ್ಧೆಯಿಂದ ತಪ್ಪು ಮಾಡಿದ್ದೆ. ವಾಪಸ್ ಬರುವಾಗ ಪಿರಿಯಾಪಟ್ಟಣದಿಂದ ಈಚೆ ಬಸ್ಸು ಹಂಪು ಹಾರಿದಾಗೆಲ್ಲ ಅದೇ ಮಾತು, ಕೆಳಗೆ ತಳ್ತಾ ಇದೀರ, ಕೆಳಗೆ ತಳ್ತಾ ಇದೀರ.

ಸೊಂಟದ ತಳದಲ್ಲಿ, ಮುಂದಿನ ಮೂಳೆಯಿಂದ ಬಾಲದ ಮೂಳೆಯವರೆಗೆ ತೊಟ್ಟಿಲ ಬಟ್ಟೆಯ ಹಾಗೆ ಕಟ್ಟಿದ ಮಾಂಸಖಂಡಗಳಂತೆ. ಮೂತ್ರಚೀಲ, ಗರ್ಭಕೋಶ, ಮಲದ ಕರುಳು ಮೂರರ ಭಾರವೂ ಅದರ ಮೇಲೆ. ಒಂಬತ್ತು ತಿಂಗಳು ಜಗ್ಗಿಸಿಕೊಂಡು, ಹೆರಿಗೆಯಲ್ಲಿ ಹಿಗ್ಗಿದ್ದು ತಾನಾಗಿ ಪೂರ್ತಿ ಬಿಗಿಯಾಗಬೇಕೆಂದಿಲ್ಲ. ಉಸಿರು ಹಿಡಿಯದೆ, ಪೃಷ್ಠ ಬಿಗಿಯದೆ, ಗಾಳಿ ತಡೆಯುವವರ ಹಾಗೆ ಒಳಕ್ಕೆ ಮೇಲಕ್ಕೆ ಎಳೆದು ಹತ್ತು ಸೆಕೆಂಡಿನವರೆಗೆ ಹಿಡಿಯುವುದು, ಪೂರ್ತಿ ಬಿಡುವುದು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೂರು ತಿಂಗಳಾದರೂ ಬೇಕು. ಬಸುರಿಯಿದ್ದಾಗಲೇ ಶುರು ಮಾಡಿದ್ದರೆ ಇನ್ನೂ ಒಳ್ಳೆಯದಿತ್ತು ಅಂದಳು. ಕೆಲವರಿಗೆ ಅದು ಸಡಿಲವಲ್ಲ, ಅತಿ ಬಿಗಿ. ಅವರಿಗೆ ಮೊದಲು ಬಿಡುವುದನ್ನೇ ಕಲಿಸಬೇಕಂತೆ. ಅದಕ್ಕೇ ಕೈಯಿಟ್ಟು ನೋಡುವವರು ಬೇಕು, ಮೊಬೈಲ್ ಸಾಲದು. ಕೊನೆಗೆ ಬಾಗಿಲವರೆಗೂ ಬಂದು "ಕೆಮ್ಮು, ಸೀನು ಬರೋ ಮುಂಚೆ ಒಂದ್ಸಲ ಎಳ್ಕೊಂಡ್ಬಿಡಿ" ಅಂದಳು.

ಸೀನು ಬರುವ ಮುಂಚೆ. ಅತ್ತೆ ಕಂಬ ಹಿಡಿದದ್ದು ಅದಕ್ಕೇ ಅಲ್ಲವೇ?

ರಾತ್ರಿ ಕೇಳಿಯೇಬಿಟ್ಟೆ. ಮಗುವಿನ ಬಟ್ಟೆ ಮಡಚುತ್ತಿದ್ದವರು ನಿಲ್ಲಿಸಲಿಲ್ಲ.

"ದೊಡ್ಡವನು ಹುಟ್ಟಿದಾಗಿಂದ."

ದೊಡ್ಡವನು ಅಂದರೆ ನನ್ನ ಭಾವ. ಅವರಿಗೀಗ ನಲವತ್ತು.

"ಯಾರಿಗೂ ಹೇಳ್ಲಿಲ್ವಾ ಅತ್ತೆ?"

"ಎಂತ ಹೇಳುದು? ಹೆತ್ತವರಿಗೆಲ್ಲ ಇದ್ದದ್ದೇ ಅಲ್ವಾ."

ಮದುವೆ ಮನೆಯಲ್ಲಿ ಇವರು ನೀರೇ ಕುಡಿಯುವುದಿಲ್ಲ. ಮೈಸೂರಿಗೆ ಕರೆದರೆ ಬಸ್ಸು ಆಗುವುದಿಲ್ಲ ಅನ್ನುತ್ತಾರೆ. ಗಟ್ಟಿಗಿತ್ತಿ, ಸ್ವಲ್ಪ ಹಟಮಾರಿ ಅಂದುಕೊಂಡಿದ್ದೆ. ನನ್ನ ಬಾಣಂತನದಲ್ಲಿ ನಲವತ್ತು ದಿನ ಹಂಡೆಗಟ್ಟಲೆ ಬಿಸಿನೀರು ಹೊಯ್ದವರು, ಹೊಟ್ಟೆಗೆ ಬಟ್ಟೆ ಬಿಗಿದವರು, ಸೊಂಟ ನೋವಾ, ಹಾಲು ಸಾಕಾ ಅಂತ ಕೇಳಿದವರು ಇದೊಂದನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೆಲಸದ ಹೆಂಗಸರು ಗೊಬ್ಬರದ ಮೂಟೆ ಎತ್ತುವ ಮುಂಚೆ ಒಂದು ಗಳಿಗೆ ನಿಲ್ಲುವುದನ್ನೂ ಕಂಡಿದ್ದೇನೆ. ಸೋಮಾರಿತನ ಅಂತ ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಗೊಣಗುತ್ತಾರೆ. ಅವರಿಗೇನು ಗೊತ್ತು. ಕೀಗಲ್ ಅನ್ನುವುದು ಅಮೆರಿಕದ ಒಬ್ಬ ಡಾಕ್ಟರ ಹೆಸರು. ಅವರು ಈ ವ್ಯಾಯಾಮದ ಬಗ್ಗೆ ಬರೆದದ್ದು 1948ರಲ್ಲಿ, ಅತ್ತೆ ಹುಟ್ಟುವುದಕ್ಕೂ ಎಷ್ಟೋ ವರ್ಷ ಮೊದಲು. ಅದು ನಮ್ಮ ಕಣದವರೆಗೆ ಬರಲಿಲ್ಲ, ಕಂಬ ಮಾತ್ರ ಇತ್ತು.

"ನೀವೂ ಬನ್ನಿ ಅತ್ತೆ, ಈ ವಯಸ್ಸಲ್ಲೂ ಗುಣ ಸಿಗುತ್ತಂತೆ."

"ಈ ಮುದಿ ಪ್ರಾಯದಲ್ಲಿ ನಾನು ಎಂತಕ್ಕೆ ಮಾರಾಯ್ತಿ!" ಅಂದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತರು.

"ಆ ಹುಡುಗಿ ಫೀಸು ಎಷ್ಟು ತಕೊಳ್ತಾಳೆ?"

ಹೇಳಿದೆ.

"ಮೆಣಸು ಕೊಟ್ಟಾಗ್ಲಿ, ನೋಡುವ."