ಎರಡು ಡೋಸ್ ಆಗಿದೆ ಸರ್

ಆಂಜಿಯೋಗ್ರಾಮ್ ಆದ ಮೂರನೆಯ ದಿನ ಮಧ್ಯಾಹ್ನ ಲ್ಯಾಬ್‌ನಿಂದ ಬಂದ ಚೀಟಿಯಲ್ಲಿ ಮೇಷ್ಟ್ರ ಕ್ರಿಯಾಟಿನಿನ್ (ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಅಂಶ) 4.1 ಎಂದಿತ್ತು. ದಾಖಲಾದ ದಿನ ಅದು 2.4 ಇತ್ತು. ಚೀಟಿಯನ್ನು ಕೇಸ್ ಶೀಟಿಗೆ ಲಗತ್ತಿಸುವಾಗ, ಆಂಜಿಯೋಗ್ರಾಮ್ ಮಾಡುವ ಕ್ಯಾತ್‌ಲ್ಯಾಬಿನಲ್ಲಿ ನಾನು ಕೊಟ್ಟಿದ್ದ ಒಂದು ಉತ್ತರ ನೆನಪಾಗಿ ಕೈ ತಣ್ಣಗಾಯಿತು.

ಅವರು ಅರವತ್ತನಾಲ್ಕು ವರ್ಷದ ನಿವೃತ್ತ ಶಿಕ್ಷಕರು. ಹಳೆಯ ಸಕ್ಕರೆ ಕಾಯಿಲೆ, ಕಿಡ್ನಿ ಎಷ್ಟು ಸೋಸುತ್ತದೆಂದು ಹೇಳುವ ಇಜಿಎಫ್‌ಆರ್ 29ರಷ್ಟು ಕಡಿಮೆ, ಹೃದಯ ರಕ್ತ ತಳ್ಳುವ ಶಕ್ತಿ ಹೇಳುವ ಇಎಫ್ ಚೆನ್ನಾಗಿಯೇ ಇತ್ತು. ಆಂಜಿಯೋಗ್ರಾಮಿನ ಡೈ ಕಿಡ್ನಿಗೆ ಪೆಟ್ಟು ಕೊಡದಿರಲೆಂದು, ರಾತ್ರಿ ಎಂಟರಿಂದ ಎನ್‌ಎಸ್ (ಸಲೈನ್) ಗಂಟೆಗೆ 70 ಮಿ.ಲೀ., ರಾತ್ರಿ ಮತ್ತು ಬೆಳಿಗ್ಗೆ ಎನ್‌ಎಸಿ (ಅಸಿಟೈಲ್‌ಸಿಸ್ಟೀನ್) ಮಾತ್ರೆ 600 ಮಿ.ಗ್ರಾಂ. ಎಂದು ಆರ್ಡರ್ ಇತ್ತು. ಡ್ರಿಪ್ ಹಚ್ಚಿದ್ದಾಯಿತು, ಮಾತ್ರೆ ಮಾತ್ರ ನಮ್ಮ ಫಾರ್ಮಸಿಯಲ್ಲಿ ಇರಲಿಲ್ಲ. ಇಪ್ಪತ್ತೆಂಟು ಹಾಸಿಗೆಗೆ ನಾವು ಇಬ್ಬರೇ ನರ್ಸ್‌ಗಳಿದ್ದ ಆ ರಾತ್ರಿ ನಾನು ಐಸಿಯುಗೆ, ಮೇಲಿನ ವಾರ್ಡಿಗೆ, ಮತ್ತೆ ಫಾರ್ಮಸಿಗೆ ಫೋನ್ ಮಾಡುತ್ತಲೇ ಇದ್ದೆ. ಕೊನೆಗೆ ಮೇಷ್ಟ್ರ ಮಗ ಹೊರಗಿನ ಮೆಡಿಕಲ್ ಶಾಪಿನಿಂದ ತಂದುಕೊಟ್ಟಾಗ ಹನ್ನೊಂದೂವರೆಯಾಗಿತ್ತು. ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ದೊಡ್ಡದೊಂದು ಕೆಲಸ ಮುಗಿಯಿತೆಂಬ ನೆಮ್ಮದಿಯಿಂದ ಕೇಸ್ ಶೀಟಿನಲ್ಲಿ ಸಹಿ ಹಾಕಿದೆ. ಅಷ್ಟರೊಳಗೆ, ಹತ್ತು ಗಂಟೆಯ ಸುಮಾರಿಗೆ ಅವರು ಶೌಚಾಲಯಕ್ಕೆ ಹೋದಾಗ ಮುಚ್ಚಿದ್ದ ಡ್ರಿಪ್ಪಿನ ರೋಲರ್ ಹಾಗೆಯೇ ಉಳಿದಿತ್ತು. ಎರಡು ಗಂಟೆಯ ರೌಂಡಿನಲ್ಲಿ ಟಾರ್ಚ್ ಬೆಳಕಿಗೆ ಬಾಟಲಿ ತೂಗುತ್ತಿರುವುದು ಕಂಡಿತು. ಹನಿ ಬೀಳುತ್ತಿದೆಯೇ ಎಂದು ನಾನು ನಿಂತು ನೋಡಲಿಲ್ಲ.

ಬೆಳಿಗ್ಗೆ ಏಳೂವರೆಗೆ ಕ್ಯಾತ್‌ಲ್ಯಾಬಿನಿಂದ ಕರೆ ಬಂತು. ಟ್ರಾಲಿಗೆ ವರ್ಗಾಯಿಸುವಾಗ ನೋಡುತ್ತೇನೆ, ಎಂಟುನೂರು ಮಿ.ಲೀ. ಹೋಗಿರಬೇಕಾದ ಕಡೆ ಮೊದಲ ಬಾಟಲಿಯೇ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಕ್ಯಾನುಲಾ ಫ್ಲಶ್ ಮಾಡಿ, ರೋಲರನ್ನು ಪೂರ್ತಿ ತೆರೆದೆ. ಡಾಕ್ಟರಿಗೆ ಫೋನ್ ಮಾಡಬೇಕೆಂದು ಅನ್ನಿಸದೆ ಇರಲಿಲ್ಲ. ಆದರೆ ಅದು ಮೊದಲ ಕೇಸು, ಅದು ತಡವಾದರೆ ಇಡೀ ದಿನದ ಪಟ್ಟಿ ತಡವಾಗುತ್ತದೆ. ಬೆಳಗಿನ ಮಾತ್ರೆಯೂ ಹೊಟ್ಟೆ ಸೇರಿದೆ, ಕಿಡ್ನಿಗೆ ಬೇಕಾದದ್ದು ಸಿಕ್ಕಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಚೆಕ್‌ಲಿಸ್ಟಿನಲ್ಲಿ ‘ಕಿಡ್ನಿ ರಕ್ಷಣೆ’ ಎಂಬ ಸಾಲಿನ ಮುಂದೆ ಹೌದು, ಇಲ್ಲ ಎಂಬ ಎರಡೇ ಚೌಕಗಳಿವೆ. ನಾನು ಹೌದು ಎಂಬುದಕ್ಕೆ ಗುರುತು ಹಾಕಿದೆ.

ಡಾಕ್ಟರ್ ಮಣಿಕಟ್ಟಿನ ರೇಡಿಯಲ್ ರಕ್ತನಾಳದಿಂದ ಒಳಗೆ ಹೋದರು. ಹೃದಯದ ಮುಂಭಾಗದ ಮುಖ್ಯ ರಕ್ತನಾಳವಾದ ಎಲ್‌ಎಡಿಯಲ್ಲಿ ಶೇ. ತೊಂಬತ್ತರಷ್ಟು ಅಡಚಣೆ ಕಂಡಿತು. ಈಗಲೇ ಸ್ಟೆಂಟ್ ಹಾಕಿಬಿಡಬೇಕೇ, ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಬೇಕೇ ಎಂದು ಯೋಚಿಸುತ್ತಾ ಡಾಕ್ಟರ್ ತಲೆಯೆತ್ತದೆಯೇ, “ಸಿಸ್ಟರ್, ಹೈಡ್ರೇಷನ್ ಆಗಿದೆಯಲ್ಲ?” ಎಂದು ಕೇಳಿದರು. “ಎನ್‌ಎಸಿ ಎರಡು ಡೋಸ್ ಆಗಿದೆ ಸರ್” ಎಂದೆ. ಅವರು ಕೇಳಿದ್ದು ನೀರಿನ ಬಗ್ಗೆ, ನಾನು ಹೇಳಿದ್ದು ಮಾತ್ರೆಯ ಬಗ್ಗೆ. ಅವರು ಸರಿ ಎಂದು ಸ್ಟೆಂಟ್ ಹಾಕಲು ವೈರ್ ತೆಗೆದುಕೊಂಡರು. ಅವರು ವೈರ್ ದಾಟಿಸುವವರೆಗೆ ಎರಡು ನಿಮಿಷವಾದರೂ ಸಮಯವಿತ್ತು. ಬಾಟಲಿಯ ಮಾತು ನಾಲಗೆಯ ತುದಿಯವರೆಗೆ ಬಂದು ಹಿಂದಿರುಗಿತು. ಕೇಸ್ ಮುಗಿದಾಗ ಡೈ 160 ಮಿ.ಲೀ. ಆಗಿತ್ತು, ಅಂದರೆ ಅವರ ಇಜಿಎಫ್‌ಆರ್‌ನ ಐದು ಪಟ್ಟಿಗಿಂತ ಹೆಚ್ಚು, ಆ ಕಿಡ್ನಿಗೆ ಅತಿಯಾದದ್ದು.

ಡಯಾಲಿಸಿಸ್ ಬೇಕಾಗಲಿಲ್ಲ. ಒಂಬತ್ತು ದಿನ ಇಟ್ಟುಕೊಂಡೆವು. ಸಲೈನ್ ಪೂರ್ತಿ ಹೋಗಿದ್ದರೂ ಹೀಗಾಗುವ ಸಾಧ್ಯತೆ ಇತ್ತೆಂದು ನೆಫ್ರಾಲಜಿ (ಕಿಡ್ನಿ ವಿಭಾಗದ) ಡಾಕ್ಟರ್ ನ್ಯಾಯವಾಗಿಯೇ ಹೇಳಿದರು. ಆದರೂ ಆ ಮಾತ್ರೆಯ ಮೇಲೆ ನನಗೆ ಅಷ್ಟು ಭರವಸೆ ಎಲ್ಲಿಂದ ಬಂತೆಂದು ಹುಡುಕಿಕೊಂಡು ಹೋದೆ. 2000ನೇ ಇಸವಿಯಲ್ಲಿ ಜರ್ಮನಿಯ ವೈದ್ಯರು 83 ರೋಗಿಗಳಲ್ಲಿ ಮಾಡಿದ ಸಣ್ಣ ಅಧ್ಯಯನವೊಂದು ಎನ್‌ಎಸಿಯಿಂದ ದೊಡ್ಡ ಲಾಭವಿದೆ ಎಂದಿತ್ತು, ಆ ರೋಗಿಗಳೂ ಸಿ.ಟಿ. ಸ್ಕ್ಯಾನಿಗೆ ಬಂದವರು, ಆಂಜಿಯೋಗ್ರಾಮಿಗಲ್ಲ. ಕಫ ಕರಗಿಸುವ ಅಗ್ಗದ ಮಾತ್ರೆ, ಕೊಟ್ಟರೆ ಹಾನಿಯಿಲ್ಲ ಎಂಬ ಕಾರಣಕ್ಕೆ ಅದು ಎಲ್ಲೆಡೆ ಆರ್ಡರ್ ಶೀಟಿಗೆ ಏರಿತು. 2011ರಲ್ಲಿ ಬ್ರೆಜಿಲ್‌ನ 2308 ರೋಗಿಗಳ ಅಧ್ಯಯನದಲ್ಲಿ ಮಾತ್ರೆ ನುಂಗಿದವರಲ್ಲೂ ನುಂಗದವರಲ್ಲೂ ಕಿಡ್ನಿಗೆ ಪೆಟ್ಟಾದ ಪ್ರಮಾಣ ಒಂದೇ, ಶೇ. 12.7. 2018ರಲ್ಲಿ ಪ್ರಕಟವಾದ ಪ್ರಿಸರ್ವ್ ಅಧ್ಯಯನ ಸುಮಾರು ಐದು ಸಾವಿರ ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಐದು ದಿನ ಕೊಟ್ಟು ನೋಡಿದರೂ ಲಾಭ ಕಾಣಲಿಲ್ಲ. ಇದಕ್ಕೆ ಪ್ರತಿಯಾಗಿ, 2014ರ ಪೊಸೈಡನ್ ಅಧ್ಯಯನದಲ್ಲಿ ಹೃದಯದೊಳಗಿನ ಒತ್ತಡ ಅಳೆದು ಹೆಚ್ಚು ಸಲೈನ್ ಕೊಟ್ಟವರಲ್ಲಿ ಆ ಪ್ರಮಾಣ ಶೇ. 16.3ರಿಂದ 6.7ಕ್ಕೆ ಇಳಿದಿತ್ತು. ಹಾನಿಯಿಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. ನನ್ನ ಮೂರೂವರೆ ಗಂಟೆಯ ಗಮನವನ್ನು ಆ ಮಾತ್ರೆ ತಿಂದಿತ್ತು.

ಚೌಕಗಳ ಬದಲು ಹೋದ ಸಲೈನ್ ಎಷ್ಟು ಮಿ.ಲೀ. ಎಂದು ಬರೆಯುವ ಜಾಗ ಬೇಕೆಂದು ಎರಡು ಬಾರಿ ಲಿಖಿತವಾಗಿ ಕೇಳಿದ್ದೇನೆ. ಅಚ್ಚಾದ ಫಾರಂ ಮುಗಿಯಲಿ ಎಂಬ ಉತ್ತರ ಬಂದಿದೆ, ಅದು ಇನ್ನೂ ಮುಗಿದಿಲ್ಲ. ಅಲ್ಲಿಯವರೆಗೆ ಚೌಕದ ಪಕ್ಕದಲ್ಲಿ ಪೆನ್ನಿನಿಂದ ಬರೆಯುತ್ತೇನೆ.

ಮೂರು ತಿಂಗಳ ನಂತರ ಮೇಷ್ಟ್ರು ಚೆಕಪ್ಪಿಗೆ ಬಂದಿದ್ದರು. ಕ್ರಿಯಾಟಿನಿನ್ 2.9ಕ್ಕೆ ನಿಂತಿತ್ತು. ಮಗ ಅದೇ ಎನ್‌ಎಸಿಯನ್ನು ಅಮೆರಿಕದ ಸಪ್ಲಿಮೆಂಟ್ ಎಂದು ಡಬ್ಬಿಯಲ್ಲಿ ತರಿಸಿದ್ದರು. ಮುಂದುವರಿಸಬೇಕೇ ಎಂದು ಕೇಳಿದರು. ಡಾಕ್ಟರನ್ನು ಕೇಳದೆ ತೆಗೆದುಕೊಳ್ಳುವುದು ಬೇಡವೆಂದು ಹೇಳಿ, ಆ ರಾತ್ರಿಯ ಬಾಟಲಿಯ ವಿಷಯವನ್ನೂ ಹೇಳಿದೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹನಿ ಬೀಳುತ್ತಿಲ್ಲವೆಂದು ನನಗೂ ಗೊತ್ತಾಗಿತ್ತು ಸಿಸ್ಟರ್. ನೀವು ಮಾತ್ರೆಗಾಗಿ ಅಷ್ಟು ಓಡಾಡುತ್ತಿದ್ದಿರಿ, ಕರೆಯಲು ಸಂಕೋಚವಾಯಿತು” ಎಂದರು.